ಹಲಗೆ ನೆಲದ ರಂಗೋಲಿ

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಎರಡು ಬಗೆಯ ನೆಲವಿತ್ತು. ಕೆಳಗೆ ಮಣ್ಣಿನ ನೆಲ, ಮೇಲೆ ಹಲಗೆಯ ನೆಲ. ನೆಲಕ್ಕೂ ಒಂದು ಕಥೆಯೇ ಅಜ್ಜಿ ಎಂದು ನೀವು ನಗುತ್ತೀರಿ, ಗೊತ್ತು. ನಿಮಗೆ ನೆಲ ಎಂದರೆ ಕಾಲುಚೀಲ ಹಾಕಿಕೊಂಡು ಜಾರುವುದಕ್ಕೆ, ಬಿಸ್ಕತ್ತಿನ ಚೂರು ಚೆಲ್ಲುವುದಕ್ಕೆ ಇರುವ ಜಾಗ. ಸ್ವಲ್ಪ ಹೊತ್ತು ಕೈಕಾಲು ಕಟ್ಟಿಕೊಂಡು ಕೂತು ಕೇಳಿ. ಇದು ನಗಿಸುವ ಕಥೆಯಲ್ಲ, ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ನನ್ನ ಮೇಲೆ ಮುನಿಸಿಕೊಳ್ಳಬೇಡಿ.

ನಮ್ಮ ಊರು ಮಧುಗಿರಿ. ಮೈಸೂರಿನಲ್ಲಿ ಮಹಾರಾಜರು ಆಳುತ್ತಿದ್ದ ಕಾಲ ಅದು. ನಮ್ಮ ತಾತ ಹುಣಸೆಹಣ್ಣಿನ ವ್ಯಾಪಾರಿ. ಹಣ್ಣನ್ನು ಮಣ್ಣಿನ ನೆಲದ ಮೇಲೆ ರಾಶಿ ಹಾಕಿದರೆ ತೇವ ಹಿಡಿದು ಕಪ್ಪಾಗುತ್ತದೆಂದು ಅವರು ಮಲೆಸೀಮೆಯಿಂದ ಹೊನ್ನೆ ಮರದ ಹಲಗೆಗಳನ್ನು ಎತ್ತಿನ ಗಾಡಿಗಳಲ್ಲಿ ತರಿಸಿ, ಮಹಡಿಯ ಕೋಣೆಗೆ ಹಾಸಿಸಿದ್ದರಂತೆ. ಊರಲ್ಲಿ ಹಲಗೆ ನೆಲವಿರುವ ಮನೆ ನಮ್ಮದೊಂದೇ ಎಂದು ಅಪ್ಪ ಬಂದವರ ಮುಂದೆಲ್ಲ ಹೇಳಿಕೊಳ್ಳುತ್ತಿದ್ದರು. ಅವರು ಹೇಳುತ್ತಿದ್ದುದೇ ಹೊರತು, ಆ ಹಲಗೆಯನ್ನು ನಾನು ಮಾತ್ರ ಒಂದು ದಿನವೂ ಕಣ್ಣಾರೆ ಕಂಡಿರಲಿಲ್ಲ.

ಅದಕ್ಕೆ ಕಾರಣ ನಮ್ಮ ಮನೆಯ ಹೆಂಗಸರು. ಮೊದಲು ನನ್ನ ಅಜ್ಜಿ, ಅವರು ಹೋದ ಮೇಲೆ ಅಮ್ಮ. ಅಮ್ಮ ಕೊರಟಗೆರೆ ಕಡೆಯ ಹಳ್ಳಿಯವಳು. ಸಗಣಿ ಹಾಕಿ ಸಾರಿಸದ ನೆಲ ಅವಳ ಲೆಕ್ಕದಲ್ಲಿ ನೆಲವೇ ಅಲ್ಲ. ಸೋಮವಾರ, ಶುಕ್ರವಾರ ಬಂತೆಂದರೆ ಕೆಳಗಿನ ನೆಲ ಸಾರಿಸಿ, ಉಳಿದ ಸಗಣಿಯ ಬಾನಿಯನ್ನು ಸೊಂಟಕ್ಕೆ ಇಟ್ಟುಕೊಂಡು ಮೆಟ್ಟಿಲು ಹತ್ತಿ, ಮೇಲಿನ ಹಲಗೆಯನ್ನೂ ಸಾರಿಸಿಬಿಡುತ್ತಿದ್ದಳು. ಮರಕ್ಕೆ ಯಾರಾದರೂ ಸಗಣಿ ಬಳಿಯುತ್ತಾರೆಯೇ? ನಮ್ಮ ಮನೆಯಲ್ಲಿ ಬಳಿಯುತ್ತಿದ್ದರು. ವರ್ಷಗಟ್ಟಲೆ ಪದರದ ಮೇಲೆ ಪದರ ಕೂತು, ಹೊನ್ನೆ ಮರವೆಲ್ಲ ಅಡಿಯಲ್ಲಿ ಹೂತುಹೋಗಿತ್ತು.

ಸಾರಿಸುವುದಕ್ಕೆ ಇನ್ನೊಂದು ಕಟ್ಟಳೆಯೂ ಇತ್ತು. ನೆಲ ಒದ್ದೆಯಿರುವಾಗಲೇ ಅದರ ಮೇಲೆ ಒಂದೆಳೆಯಾದರೂ ರಂಗೋಲಿ ಇಡಬೇಕು. ಸಾರಿಸಿದ ಒದ್ದೆ ನೆಲವನ್ನು ರಂಗೋಲಿಯಿಲ್ಲದೆ ಬರಿದಾಗಿ ಬಿಡುವುದು ಮನೆಯಿಂದ ಹೆಣ ಹೋದ ದಿನ ಮಾತ್ರ. ಅಮ್ಮ ಇದನ್ನು ನನಗೂ ಅಕ್ಕನಿಗೂ ಎಷ್ಟು ಸಲ ಹೇಳಿದ್ದಳೋ. ನಮ್ಮ ಕೈ ಸಗಣಿಯಿಂದ ನೇರವಾಗಿ ರಂಗೋಲಿಯ ಚಿಪ್ಪಿಗೇ ಹೋಗುವಷ್ಟು ಅಭ್ಯಾಸವಾಗಿತ್ತು.

ಅಕ್ಕನ ರಂಗೋಲಿ ಎಂದರೆ ಕೇರಿಗೆಲ್ಲ ಹೆಸರು. ಚುಕ್ಕಿ ಇಡದೆಯೇ ಮಲ್ಲಿಗೆ ಬಳ್ಳಿ ಎಳೆಯುತ್ತಿದ್ದಳು. ನನ್ನ ಕೈಯಲ್ಲಿ ಅದೇ ಬಳ್ಳಿ ಹುರಿ ಬಿಚ್ಚಿದ ಹಗ್ಗವಾಗುತ್ತಿತ್ತು. ಅವಳನ್ನು ಶಿರಾಕ್ಕೆ ಮದುವೆ ಮಾಡಿ ಕೊಟ್ಟಿದ್ದರು. ಒಂದು ಸಂಕ್ರಾಂತಿ ಕಳೆದ ಮೇಲೆ, ಕಮಾನು ಗಾಡಿಯೊಂದು ನಮ್ಮ ಬಾಗಿಲಿಗೆ ಬಂದು ನಿಂತಿತು. ಗಾಡಿಯಲ್ಲಿ ಅಕ್ಕ, ಅವಳ ಟ್ರಂಕು, ಅವಳ ಹಾಸಿಗೆ ಸುರುಳಿ. ಅವಳ ಮಾವ ಗಾಡಿಯಿಂದ ಇಳಿಯಲೇ ಇಲ್ಲ. "ಹುಸಾರಾದ್ಮೇಲೆ ಹೇಳಿ ಕಳ್ಸಿ, ಬಂದು ಕರ್ಕೊಂಡೋಗ್ತೀವಿ" ಎಂದು ಅಲ್ಲಿಂದಲೇ ಹೇಳಿ ಗಾಡಿ ತಿರುಗಿಸಿದರು. ಹಾಸಿಗೆಯನ್ನೂ ಕಟ್ಟಿ ಕಳಿಸಿದ್ದು ನೋಡಿ ಅಮ್ಮನಿಗೆ ಎಲ್ಲ ತಿಳಿಯಿತು. ಕರೆದುಕೊಂಡು ಹೋಗುವ ಮನಸ್ಸಿದ್ದವರು ಹಾಸಿಗೆ ಕಳಿಸುತ್ತಾರೆಯೇ?

ಅಕ್ಕನಿಗೆ ಬಂದಿದ್ದು ಕ್ಷಯ. ಕೆಮ್ಮಿದರೆ ಕರವಸ್ತ್ರದಲ್ಲಿ ರಕ್ತ ಕಾಣುತ್ತಿತ್ತು. ಅಪ್ಪ ಸರ್ಕಾರಿ ಆಸ್ಪತ್ರೆಯ ಡಾಕ್ಟರನ್ನು ಮನೆಗೆ ಕರೆತಂದರು. ಅವರು ನೋಡಿ, ಹಿತ್ತಲಲ್ಲಿ ಕೈ ತೊಳೆಯುತ್ತಾ ಹೇಳಿದ್ದು ನನ್ನ ಕಿವಿಗೂ ಬಿತ್ತು. "ಇದಕ್ಕೆ ಔಷಧಿ ಅಂತ ಇಲ್ಲ ಸಾಹುಕಾರ್ರೆ. ಮಳೆಗಾಲ ದಾಟೋದು ಕಷ್ಟ. ಇರೋ ಅಷ್ಟು ದಿನ ಹಾಲು, ತುಪ್ಪ, ಬಿಸಿಲು, ಒಳ್ಳೆ ಗಾಳಿ. ಧೂಳು ಬೇಡ, ತೇವ ಬೇಡ." ನೀರು ಹಾಕುತ್ತಿದ್ದ ಅಪ್ಪನ ಕೈಯಲ್ಲಿ ಚೊಂಬು ಹಾಗೇ ನಿಂತುಬಿಟ್ಟಿತು. ಅಪ್ಪ ಕೇಳಿಸಿಕೊಂಡಿದ್ದು ಕೊನೆಯ ಮಾತೊಂದನ್ನೇ ಎಂದು ನನಗೆ ಆಮೇಲೆ ಅನ್ನಿಸಿತು. ಧೂಳು ಬೇಡ, ತೇವ ಬೇಡ.

ನಮ್ಮ ಮನೆಯಲ್ಲಿ ಗಾಳಿ, ಬಿಸಿಲು ಎರಡೂ ಬರುತ್ತಿದ್ದುದು ಮಹಡಿಯ ಕೋಣೆಗೆ ಮಾತ್ರ. ಅದರ ಕಿಟಕಿ ತೆಗೆದರೆ ಬೆಟ್ಟದ ಬಂಡೆಯೆಲ್ಲ ಎದುರಿಗೇ. ಆದರೆ ಆ ನೆಲ! ಗುಡಿಸಿದರೆ ಸಗಣಿಯ ಪುಡಿ ಏಳುತ್ತಿತ್ತು, ಸಾರಿಸಿದರೆ ತೇವ. ಅಪ್ಪ ಅಂದೇ ತೀರ್ಮಾನ ಮಾಡಿಬಿಟ್ಟರು. ಹುಣಸೆಹಣ್ಣಿನ ಮೂಟೆಗಳನ್ನೆಲ್ಲ ಕೆಳಗಿಳಿಸಿ, ಸಗಣಿಯ ಪದರವನ್ನು ಪೂರ್ತಿ ಕೆರೆದು, ಹಲಗೆಯನ್ನು ಉಜ್ಜಿ ನಯ ಮಾಡಿ, ಮೆರುಗೆಣ್ಣೆ ಬಳಿದು, ಅಕ್ಕನ ಮಂಚವನ್ನು ಅಲ್ಲಿ ಹಾಕಬೇಕು.

ಮರಗೆಲಸದ ಆಚಾರಿಗೆ ಹೇಳಿ ಕಳಿಸಿದರು. ಆಚಾರಿ ಬಂದ, ಆದರೆ ಹಿತ್ತಲ ಗೋಡೆಯ ಆಚೆಯೇ ನಿಂತ. "ನಂಗೂ ಮಕ್ಕಳವೆ ಸಾವ್ಕಾರ್ರೆ, ತೆಪ್ಪು ತಿಳ್ಕಬ್ಯಾಡಿ" ಎಂದು ಕೈ ಮುಗಿದ. ಮರ ಹೆರೆಯುವ ಕೀಸುಳಿಯನ್ನೂ ಒಂದು ಚೀಲ ಗರಗತ್ತಿ ಎಲೆಯನ್ನೂ ಗೋಡೆಯ ಮೇಲಿಟ್ಟ. ಗರಗತ್ತಿ ಎಲೆ ಮುಟ್ಟಿದರೆ ಬೆಕ್ಕಿನ ನಾಲಿಗೆಯಷ್ಟು ಒರಟು. ಮರಕ್ಕೆ ನಯ ಕೊಡಲು ಆಗ ಅದನ್ನೇ ಉಜ್ಜುತ್ತಿದ್ದರು. ಅಗಸೆ ಎಣ್ಣೆಗೆ ರಾಳ ಹಾಕಿ ಕಾಯಿಸುವುದು ಹೇಗೆಂದು ಅಲ್ಲಿಂದಲೇ ಕೂಗಿ ಹೇಳಿದ. ಬಳಿದ ಮೇಲೆ ಅದು ಆರುವವರೆಗೂ ನೊಣವೂ ಕೂರಬಾರದು ಎಂದ. ಅವನ ಮೇಲೆ ನನಗೆ ಆಗ ಬಹಳ ಸಿಟ್ಟು ಬಂದಿತ್ತು. ಈಗ ಇಲ್ಲ.

ಹೀಗಾಗಿ ಕೆಲಸ ನಮ್ಮ ತಲೆಯ ಮೇಲೇ ಬಿತ್ತು. ಭಾನುವಾರ ಬೆಳಗ್ಗೆ ಅಪ್ಪ ಹಣೆಗೆ ವಿಭೂತಿ ಇಟ್ಟುಕೊಂಡು, ಪಂಚೆಯನ್ನು ಮೇಲೆ ಕಟ್ಟಿ ಮೆಟ್ಟಿಲು ಹತ್ತಿದರು. ಹಿಂದೆ ಅಮ್ಮ, ಅವಳ ಹಿಂದೆ ನಾನು. ತಕ್ಕಡಿ ಹಿಡಿದ ಕೈಗೆ ಕೀಸುಳಿ ಎಲ್ಲಿ ಬಗ್ಗುತ್ತದೆ? ಅಪ್ಪನ ಅಂಗೈಯಲ್ಲಿ ಬೇಗನೆ ಬೊಬ್ಬೆ ಎದ್ದವು. ಮೊದಲು ಬಿಸಿನೀರು ಚಿಮುಕಿಸಿ ಪದರ ನೆನೆಸಿದೆವು. ಅಮ್ಮ ದೋಸೆ ಮಗುಚುವ ಸಟ್ಟುಗದಿಂದ ಮೀಟಿದಳು, ನಾನು ತೆಂಗಿನ ಚಿಪ್ಪಿನಿಂದ ಕೆರೆದೆ. ಹಳೆಯ ಸಗಣಿಯ ವಾಸನೆ, ಹುಣಸೆಹಣ್ಣಿನ ಹುಳಿ ವಾಸನೆ ಎರಡೂ ಸೇರಿ ಮೂಗಿಗೆ ಏರಿದವು.

ಬಿಲ್ಲೆ ಬಿಲ್ಲೆಯಾಗಿ ಎದ್ದು ಬಂದ ಪದರಗಳ ಅಂಚನ್ನು ನೋಡಿ ನಾನು ಕೂಗಿದೆ. ಚಿರೋಟಿಯ ಎಸಳಿನಂತೆ ಒಂದರ ಮೇಲೊಂದು ಕೂತಿದ್ದ ಸಗಣಿಯ ನಡುನಡುವೆ ಬಿಳಿಯ ಗೆರೆ. ಪ್ರತಿ ವಾರದ ರಂಗೋಲಿ! ಒಂದು ಕಡೆ ಕೆಮ್ಮಣ್ಣಿನ ಕೆಂಪು ಗೆರೆಯೂ ಸಿಕ್ಕಿತು. ಅದು ಅಕ್ಕನ ಮದುವೆಯ ವಾರದ್ದು ಎಂದಳು ಅಮ್ಮ. ಅಷ್ಟು ಹೇಳಿ ಕೈಯಲ್ಲಿದ್ದುದನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಕಿಟಕಿಯ ಕಡೆಗೆ ಮುಖ ಮಾಡಿ ಕೂತಳು. ಅಪ್ಪ ಆ ಬಿಲ್ಲೆಯನ್ನೂ ಉಳಿದವುಗಳ ಜೊತೆ ಕುಕ್ಕೆಗೆ ಹಾಕಿದರು. ನಾನು ಅದನ್ನು ತಿಪ್ಪೆಗೆ ಚೆಲ್ಲಿ ಬಂದೆ.

ಧೂಳು ತಾಗದಿರಲೆಂದು ಅಕ್ಕನನ್ನು ಹಿತ್ತಲಲ್ಲಿ ದಾಳಿಂಬೆ ಗಿಡದ ನೆರಳಿಗೆ ಮಲಗಿಸಿದ್ದರು. ಅವಳ ಹತ್ತಿರ ಹೋಗಬಾರದೆಂದು ನನಗೆ ಕಟ್ಟಪ್ಪಣೆ. ಅವಳ ತಟ್ಟೆ, ಲೋಟ, ಚಾಪೆ ಎಲ್ಲ ಬೇರೆ. ಬಟ್ಟೆ ಒಗೆಯುವ ಕಲ್ಲಿನವರೆಗೆ ಮಾತ್ರ ನಾನು ಹೋಗಬಹುದಿತ್ತು. ಕುಕ್ಕೆ ಹೊತ್ತು ಹೋಗುವಾಗಲೆಲ್ಲ ಅಕ್ಕ ತಲೆ ಎತ್ತಿ ಕೇಳುತ್ತಿದ್ದಳು.

"ಎಲ್ಲೀಗಂಟ ಆಯ್ತೇ ಪುಟ್ಟಿ?"

"ಕಿಟಕೀಗಂಟ ಆಯ್ತಕ್ಕಾ. ಮರ ಕಾಣ್ತೈತೆ!"

ನಿಜಕ್ಕೂ ಮರ ಕಾಣುತ್ತಿತ್ತು. ಅಪ್ಪನ ಕೈಗೆ ಕೀಸುಳಿ ಸ್ವಲ್ಪ ಒಗ್ಗಿದ ಮೇಲೆ, ಹಲಗೆಯ ಕಪ್ಪು ಸಿಪ್ಪೆ ಸುರುಳಿ ಸುರುಳಿಯಾಗಿ ಎದ್ದು, ಕೆಳಗೆ ಬೆಲ್ಲದ ಬಣ್ಣದ ಹೊನ್ನೆ ಹೊಳೆಯಿತು. ಎಷ್ಟು ಚೆಂದವಿತ್ತು ಗೊತ್ತೇ? ಇಷ್ಟು ಚೆಂದದ ನೆಲದ ಮೇಲೆ ಯಾರಾದರೂ ಸಾಯುವುದುಂಟೇ ಎಂದು ನನಗೆ ಅನ್ನಿಸಿಬಿಟ್ಟಿತು. ಡಾಕ್ಟರರ ಮಾತು ನೆನಪಿದ್ದರೂ ಹಾಗೆ ಅನ್ನಿಸಿತು. ಒಂದು ಉದ್ದನೆಯ ಸುರುಳಿಯನ್ನು ಒಯ್ದು ಒಗೆಯುವ ಕಲ್ಲಿನ ಮೇಲಿಟ್ಟು ಹಿಂದೆ ಸರಿದು ನಿಂತೆ. ಅಕ್ಕ ಮೆಲ್ಲಗೆ ಎದ್ದು ಬಂದು ತೆಗೆದುಕೊಂಡು, ಮೂಸಿ ನೋಡಿ, ಹೂ ಮುಡಿಯುವ ಹಾಗೆ ಜಡೆಗೆ ಸಿಕ್ಕಿಸಿಕೊಂಡಳು. ಅಷ್ಟಕ್ಕೇ ಅವಳಿಗೆ ಏದುಸಿರು ಹತ್ತಿತು.

ಅಮ್ಮ ಒರೆಸಿ ಹಿಂಡಿದ ನೀರನ್ನು ಬಕೀಟಿನಲ್ಲಿ ಕೆಳಗೆ ತರುವಾಗ ನಾನು ಬೆಚ್ಚಿಬಿದ್ದೆ. ನೀರು ಕಂದುಗೆಂಪಾಗಿತ್ತು. ಹೊನ್ನೆ ಮರ ಬಣ್ಣ ಬಿಡುತ್ತದೆ, ಅಷ್ಟೇ. ಅಮ್ಮನೂ ಅದನ್ನು ನೋಡಿದಳು. ಸೆರಗಿನಿಂದ ಬಕೀಟಿನ ಬಾಯಿ ಮುಚ್ಚಿ, ಅಕ್ಕನಿಗೆ ಕಾಣದ ಹಾಗೆ ಗೋಡೆಯ ಪಕ್ಕದಿಂದ ಹೋಗಿ ಚೆಲ್ಲಿ ಬಂದಳು.

ಮಧ್ಯಾಹ್ನ ಮುದ್ದೆ ಉಂಡು ಮತ್ತೆ ಕೂತೆವು. ಗರಗತ್ತಿ ಎಲೆಯಿಂದ ಉಜ್ಜಿದೆವು, ಉಜ್ಜಿದೆವು, ಬೆರಳ ತುದಿಯ ಚರ್ಮವೇ ಸವೆಯುವಷ್ಟು ಉಜ್ಜಿದೆವು. ಅಮ್ಮನಿಗೆ ಮಾತ್ರ ಬೋಳು ನೆಲ ನೋಡಿದಷ್ಟೂ ಕಸಿವಿಸಿ. "ಅಲ್ಲಾ ಕಣ್ರೀ, ಸಾರಿಸ್ದೇ ಇರೋ ನೆಲದ ಮ್ಯಾಲೆ ಹೆಣ್ಣುಮಗೀನ ಮಲಗಿಸೋದಾ?" ಎಂದು ಎರಡು ಸಲ ಕೇಳಿದಳು. ಅಪ್ಪ ಉಜ್ಜುತ್ತಲೇ ಇದ್ದರು. ಅಕ್ಕನಿಗೆ ಹೊಗೆ ತಾಗದಿರಲೆಂದು ಮನೆಯ ಮುಂದೆ ಮೂರು ಕಲ್ಲು ಹೂಡಿ ಅಗಸೆ ಎಣ್ಣೆಗೆ ರಾಳ ಹಾಕಿ ಕಾಯಿಸಿದಾಗ ಕೇರಿಯೆಲ್ಲ ಘಾಟು. ಅಮ್ಮನ ಒಳ್ಳೆಯ ಹಿತ್ತಾಳೆ ಪಾತ್ರೆಯೊಂದು ಅಲ್ಲಿಗೆ ಮುಗಿಯಿತು. ಬೇರೆ ದಿನವಾಗಿದ್ದರೆ ಅದಕ್ಕೊಂದು ದೊಡ್ಡ ಕುರುಕ್ಷೇತ್ರವೇ ಆಗುತ್ತಿತ್ತು. ಅಂದು ಅವಳೇ ಅದರ ಕೆಳಗೆ ಇನ್ನೊಂದು ಕಟ್ಟಿಗೆ ತಳ್ಳಿದಳು.

ಸಂಜೆ ಅಪ್ಪ ಕಿಟಕಿಯ ಕಡೆಯಿಂದ ಶುರು ಮಾಡಿ, ಹಿಂದೆ ಹಿಂದೆ ಸರಿಯುತ್ತಾ, ಬಾಗಿಲವರೆಗೂ ಮೆರುಗೆಣ್ಣೆ ಬಳಿದು ಹೊರಗೆ ಬಂದರು. ನೆಲದಲ್ಲಿ ಬೆಟ್ಟದ ನೆರಳು ಕಾಣುತ್ತಿತ್ತು. "ಇನ್ನ ಆರೋಗಂಟ ಯಾರೂ ಮ್ಯಾಕೆ ಬರಂಗಿಲ್ಲ" ಎಂದು ಹೇಳಿ, ಕೈಗೆ ಅಂಟಿದ ರಾಳ ತಿಕ್ಕಿಕೊಳ್ಳಲು ಹಿತ್ತಲಿಗೆ ಹೋದರು. ನಾನು ಬೂದಿ ಕೊಡಲು ಅವರ ಹಿಂದೆ ಹೋದೆ.

ನಾವು ಮರಳಿ ಬರುವಾಗ ಅಮ್ಮ ಮೆಟ್ಟಿಲ ಮೇಲ್ತುದಿಯಲ್ಲಿ ಮಂಡಿಯೂರಿ ಕೂತಿದ್ದಳು. ಎಡಗೈಯಲ್ಲಿ ರಂಗೋಲಿಯ ಚಿಪ್ಪು. ಹೊಸ್ತಿಲ ಒಳಗೆ, ಹಸಿ ಎಣ್ಣೆಯ ಮೇಲೆ, ಅವಳ ಕೈಗೆ ಎಟಕುವಷ್ಟು ಉದ್ದಕ್ಕೂ ಒಂದು ಮಲ್ಲಿಗೆ ಬಳ್ಳಿ. ಬಿಳಿಯ ಪುಡಿ ರಾಳಕ್ಕೆ ಇಳಿದು, ಆಗಲೇ ಹಾಲಿನ ಕೆನೆಯ ಬಣ್ಣಕ್ಕೆ ತಿರುಗುತ್ತಿತ್ತು.

"ಏನೇ ಮಾಡ್ಬುಟ್ಟೆ ನೀನು?" ಅಪ್ಪನ ದನಿ ಮನೆಯೆಲ್ಲ ಕೇಳಿಸಿತು.

ಅಮ್ಮ ತಿರುಗಿ ನೋಡಿದಳು. ತಾನು ಮಾಡಿದ್ದೇನೆಂದು ಅವಳಿಗೂ ಆಗಲೇ ತಿಳಿದದ್ದು. "ಒದ್ದೆ ನೆಲ... ಕೈ ಸುಮ್ಕಿರ್ಲಿಲ್ಲ ಕಣ್ರೀ. ಬರೀ ಒದ್ದೆ ನೆಲಕ್ಕೆ ನನ್ ಮಗಳ್ನ ಹೆಂಗೆ ಕರ್ಕೊಂಡ್ ಬರ್ಲಿ? ಹಂಗೆ ಬುಡೋದು ಯಾವತ್ತು ಅಂತ ನಿಮಗೆ ಗೊತ್ತಿಲ್ವಾ?"

ಅಪ್ಪ ಮತ್ತೆ ಬಯ್ಯಲಿಲ್ಲ. ಮೆಟ್ಟಿಲ ಮೇಲೆ ಕುಸಿದು ಕೂತು, ಬೊಬ್ಬೆ ಎದ್ದ ಕೈಗಳಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಅಪ್ಪ ಅಳುವುದನ್ನು ನಾನು ನೋಡಿದ್ದು ಅದೇ ಮೊದಲು. ಡಾಕ್ಟರು ಹೇಳಿದ ಎಲ್ಲ ಮಾತೂ ಅಪ್ಪನಿಗೆ ಕೇಳಿಸಿತ್ತು, ಕೊನೆಯದು ಮಾತ್ರವಲ್ಲ ಎಂದು ಆಗ ಗೊತ್ತಾಯಿತು.

ಹಿತ್ತಲಿಂದ ಅಕ್ಕ ಕೂಗಿದಳು. "ಏನಾಯ್ತಪ್ಪಾ?"

ಅಪ್ಪ ಮುಖ ಒರೆಸಿಕೊಂಡು ದನಿ ಸರಿ ಮಾಡಿಕೊಂಡರು. "ಏನಿಲ್ಲ ಕಣವ್ವ. ನಿಮ್ಮವ್ವ ರಂಗೋಲಿ ಇಕ್ಕವ್ಳೆ."

"ಯಾವ್ದು?"

"ನಿಂದೇ ಕಣಮ್ಮ, ಮಲ್ಲಿಗೆ ಬಳ್ಳಿ" ಎಂದಳು ಅಮ್ಮ. ಅಕ್ಕ ನಕ್ಕಳು. ನಗು ಕೆಮ್ಮಾಯಿತು. ಕೆಮ್ಮು ನಿಲ್ಲುವವರೆಗೂ ನಾವು ಮೂವರೂ ಅಲ್ಲಿಂದ ಕದಲಲಿಲ್ಲ.

ಮೆರುಗು ಆರಿದ ಮೇಲೆ ಅಕ್ಕನನ್ನು ಮೇಲಕ್ಕೆ ಕರೆತಂದರು. ರಂಗೋಲಿ ರಾಳದೊಳಗೆ ಗಟ್ಟಿಯಾಗಿ ಕೂತಿತ್ತು. ಕೆರೆದರೆ ಮೆರುಗೂ ಹೋಗುತ್ತದೆಂದು ಅಪ್ಪ ಹಾಗೆಯೇ ಬಿಟ್ಟರು. ಅಮ್ಮ ನನಗೆ ಹೊಸದೊಂದು ನಿಯಮ ಮಾಡಿದಳು. ಮೆಟ್ಟಿಲ ತುದಿಯವರೆಗೆ ಬರಬಹುದು, ರಂಗೋಲಿ ಮಾತ್ರ ದಾಟಬಾರದು. ಹಾಗಾಗಿ ಈ ಕಡೆ ನಾನು, ಆ ಕಡೆ ಅಕ್ಕ, ನಡುವೆ ಮಲ್ಲಿಗೆ ಬಳ್ಳಿ. ಅಕ್ಕನಿಗೆ ಚೈತನ್ಯವಿದ್ದ ದಿನ ಗಜ್ಜುಗದ ಕಾಯಿಗಳನ್ನು ನೆಲದ ಮೇಲೆ ಜಾರಿಬಿಡುತ್ತಿದ್ದಳು. ಅಪ್ಪ ಉಜ್ಜಿದ ನೆಲ ಎಷ್ಟು ನಯವಾಗಿತ್ತೆಂದರೆ, ಬೆರಳಲ್ಲಿ ಮೆಲ್ಲಗೆ ತಳ್ಳಿದರೂ ಕಾಯಿ ಸರ್‍ರನೆ ಬಂದು ರಂಗೋಲಿ ದಾಟಿ ನನ್ನ ಮಡಿಲಿಗೆ ಬೀಳುತ್ತಿತ್ತು. ನಾನು ತಿರುಗಿ ಜಾರಿಸುತ್ತಿದ್ದೆ. ಬರಬರುತ್ತಾ ಅವಳು ತಳ್ಳಿದ ಕಾಯಿ ಅರ್ಧದಲ್ಲೇ ನಿಲ್ಲತೊಡಗಿತು. ನನ್ನ ಕೈಗೂ ಎಟಕದು, ಅವಳ ಕೈಗೂ ಎಟಕದು. ಅಮ್ಮ ಬಂದು ಎತ್ತಿಕೊಡಬೇಕಿತ್ತು.

ಮುಂಗಾರಿನ ಮೊದಲ ಮಳೆ ಬಿದ್ದ ವಾರ ಅಕ್ಕ ತೀರಿಹೋದಳು. ಗಾಳಿಯೂ ಇತ್ತು, ಬಿಸಿಲೂ ಇತ್ತು. ನೆಲದಲ್ಲಿ ಒಂದು ಕಣ ಧೂಳಿರಲಿಲ್ಲ.

ಕೇರಿಯ ಹೆಂಗಸರು ಬಂದು ಬಾಗಿಲ ಮುಂದಿನ ರಂಗೋಲಿಯನ್ನು ನೀರು ಹಾಕಿ ಅಳಿಸಿದರು. ಮೇಲೆ ಬಂದವರು ಹೊಸ್ತಿಲಲ್ಲೇ ನಿಂತುಬಿಟ್ಟರು. ರಂಗೋಲಿ ಇರುವ ನೆಲದಿಂದ ಹೆಣ ಎತ್ತುವುದು ಹೇಗೆ ಎಂದರು. ಅಮ್ಮ ಹುಣಸೆಹಣ್ಣು ಹಾಕಿ ತಿಕ್ಕಿದಳು. ಬೂದಿ ಹಾಕಿ ತಿಕ್ಕಿದಳು. ಇಟ್ಟಿಗೆ ಪುಡಿ ಹಾಕಿ ತಿಕ್ಕಿದಳು. ಬಳ್ಳಿಯ ಒಂದು ಎಲೆಯೂ ಅಲುಗಲಿಲ್ಲ. ಅಪ್ಪ ಮೂಲೆಯಲ್ಲಿದ್ದ ಕೀಸುಳಿ ತೆಗೆದುಕೊಂಡು ಬಂದು ಅವಳ ಪಕ್ಕ ಕೂತರು. ಅಮ್ಮ ಅವರ ಕೈ ಹಿಡಿದುಕೊಂಡಳು.

"ಬ್ಯಾಡ ಬುಡಿ" ಎಂದಳು. "ಇರ್ಲಿ."

ಅಪ್ಪ ಕೀಸುಳಿ ಕೆಳಗಿಟ್ಟು, ಒಂದು ಕಂಬಳಿ ತಂದು ರಂಗೋಲಿಯ ಮೇಲೆ ಹಾಸಿದರು. ಅಕ್ಕನನ್ನು ಅದರ ಮೇಲಿಂದ ಎತ್ತಿಕೊಂಡು ಹೋದರು. ಅಂದು ಕೆಳಗಿನ ಮಣ್ಣಿನ ನೆಲವನ್ನೆಲ್ಲ ಸಾರಿಸಿ ಬರಿದಾಗಿ ಬಿಟ್ಟರು. ಮೇಲೆ ಮಾತ್ರ, ಕಂಬಳಿಯ ಕೆಳಗೆ, ರಂಗೋಲಿ ಇತ್ತು. ಆಮೇಲೆ ಅಪ್ಪ ಆ ಕೋಣೆಯಲ್ಲಿ ಹುಣಸೆಹಣ್ಣು ಹಾಕಲಿಲ್ಲ, ಅಮ್ಮ ಸಾರಿಸಲಿಲ್ಲ. ಅಮ್ಮ ಆಗಾಗ ಒಣಬಟ್ಟೆ ಹಿಡಿದು ಹತ್ತಿ ಹೋಗುತ್ತಿದ್ದಳು.

ನಿಮ್ಮ ಕಾಲ ಬೇರೆ ಮಕ್ಕಳೇ. ಹೋದ ವರ್ಷ ನಿಮ್ಮ ಶಾಲೆಯ ಆಯಾಗೆ ಅದೇ ಕಾಯಿಲೆ ಬಂದಿತ್ತಲ್ಲ. ಸರ್ಕಾರಿ ಆಸ್ಪತ್ರೆಯ ಮಾತ್ರೆ ನುಂಗಿ, ಕೆಲವು ತಿಂಗಳಲ್ಲಿ ಗುಣವಾಗಿ, ಈಗ ಮತ್ತೆ ನಿಮ್ಮನ್ನು ಗದರಿಸುತ್ತಾ ಓಡಾಡುತ್ತಿದ್ದಾಳೆ. ಅವಳನ್ನು ನೋಡಿದಾಗ ನನಗೆ ಸಂತೋಷವಾಗುತ್ತದೆ. ಹೊಟ್ಟೆಕಿಚ್ಚೂ ಆಗುತ್ತದೆ, ಸುಳ್ಳೇಕೆ ಹೇಳಲಿ. ಮರವೇ ಅಲ್ಲದ, ಮರದಂತೆ ಕಾಣುವ ಟೈಲ್ಸು ನಿಮ್ಮ ಕೋಣೆಗೆ ಒಂದೇ ದಿನದಲ್ಲಿ ಬಂದು ಕೂತಿತು. ಅದಕ್ಕೆ ಸಗಣಿ ಬೇಕಿಲ್ಲ, ಕೀಸುಳಿ ಬೇಕಿಲ್ಲ, ಯಾರ ಅಂಗೈಯಲ್ಲೂ ಬೊಬ್ಬೆ ಏಳಲಿಲ್ಲ.

ಮೊನ್ನೆ ಹಬ್ಬಕ್ಕೆ ನೀವು ಆ ಕೋಣೆಯ ಬಾಗಿಲಲ್ಲಿ ಅಂಗಡಿಯಿಂದ ತಂದ ರಂಗೋಲಿಯನ್ನು ಅಂಟಿಸಿದಿರಿ. ನಾನು ತಿಂಡಿಯ ತಟ್ಟೆ ಹಿಡಿದು ಬಂದು ಹೊಸ್ತಿಲಲ್ಲೇ ನಿಂತೆ. "ದಾಟಿ ಬಾ ಅಜ್ಜಿ, ಇದು ಎಷ್ಟು ತುಳಿದರೂ ಅಳಿಸಲ್ಲ" ಎಂದು ನೀವು ಕೂಗಿದಿರಿ. ಮಂಡಿ ನೋವೆಂದು ಸುಳ್ಳು ಹೇಳಿ, ತಟ್ಟೆಯನ್ನು ನೆಲದ ಮೇಲೆ ಇಟ್ಟು ನಿಮ್ಮ ಕಡೆಗೆ ಜಾರಿಸಿದೆನಲ್ಲ, ಆಗ ನೀವು ಎಷ್ಟು ನಕ್ಕಿರಿ! ಈಗ ಕಾರಣ ಹೇಳಿದ್ದೇನೆ. ರಂಗೋಲಿ ದಾಟಬಾರದೆಂದು ಅಮ್ಮ ಹೇಳಿದ್ದಳು. ದಾಟಬಹುದೆಂದು ಅವಳು ಆಮೇಲೆ ಒಂದು ದಿನವೂ ಹೇಳಲಿಲ್ಲ.